ಒಂದು ಮೀಟರು, ಮೂರು ಸಾಲು

ನಾನು ಮೇಷ್ಟ್ರಾಗಿ ಸೇರಿದ ಹೊಸತು. ಪ್ರಯೋಗಶಾಲೆಯ ಸ್ಟಾಕ್ ರಿಜಿಸ್ಟರು ನನ್ನ ಪಾಲಿಗೆ ಬಂತು. ಬೀರುವಿನಲ್ಲಿದ್ದದ್ದು ಒಂದೇ ಮಲ್ಟಿಮೀಟರು. ಪಾಠದ ಪ್ರಯೋಗಗಳಿಗೆ ಹೊಂದಲೆಂದು ನಾನು ವೋಲ್ಟ್‌ಮೀಟರ್ 1, ಅಮ್ಮೀಟರ್ 1, ಓಮ್‌ಮೀಟರ್ 1 ಎಂದು ಮೂರು ಸಾಲು ಬರೆದೆ. ಕೆಲವು ವರ್ಷಗಳ ನಂತರ ಚಾರ್ಜು ಒಪ್ಪಿಸುವಾಗ "ಇನ್ನೆರಡು ಎಲ್ಲಿ?" ಎಂಬ ಪ್ರಶ್ನೆ ಎದ್ದಿತು. ಬರೆದ ನನಗೇ ಮರೆತಿತ್ತು. ಬೀರುವಿನ ಕೀಲಿ ತಂದುಕೊಡುತ್ತಿದ್ದ ಹುಡುಗನನ್ನು ಗದರಿಸಿ ಕೇಳಿದೆ. ಮೂರು ದಿನ ಅವನು ಶಾಲೆಗೆ ಬರಲಿಲ್ಲ.

ಇದು ಮತ್ತೆ ನೆನಪಾದದ್ದು ಕಳೆದ ದೀಪಾವಳಿಯಲ್ಲಿ. ಬೆಂಗಳೂರಿನಲ್ಲಿ ಚಿಪ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂಕಾಪುರಕ್ಕೆ ಬಂದಿದ್ದ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ, "ನಮ್ಮಲ್ಲೂ ಒಂದು ಸ್ಟಾಕ್ ರಿಜಿಸ್ಟರ್ ಅದರಿ ಸರ್, ಅದಕ್ಕ ಡಿವೈಸ್ ಟ್ರೀ ಅಂತಾರ" ಎಂದ.

ಮೊಬೈಲು, ರಾಸ್ಪ್‌ಬೆರಿ ಪೈ ಮೊದಲಾದವುಗಳ ಒಳಗೆ ಯಾವ ಭಾಗ ಯಾವ ವಿಳಾಸದಲ್ಲಿದೆ ಎಂಬುದನ್ನು ಲಿನಕ್ಸ್ ತಾನಾಗಿ ಊಹಿಸಲಾರದು. ಹಿಂದೆ ಆ ವಿವರಗಳೆಲ್ಲ ಪ್ರೋಗ್ರಾಮಿನೊಳಗೇ ಹೆಣೆದುಕೊಂಡಿರುತ್ತಿದ್ದವು. ಆ ಗೋಜಲಿನ ಬಗ್ಗೆ 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಸಿಟ್ಟಾದ ಮೇಲೆ, ಎಆರ್‌ಎಂ ಚಿಪ್‌ಗಳ ವಿವರ ಡಿವೈಸ್ ಟ್ರೀ ಎಂಬ ಪ್ರತ್ಯೇಕ ಪಟ್ಟಿಗೆ ಸರಿಯಿತು.

ಚಿಪ್ಪಿನ ಪ್ರತಿ ಭಾಗಕ್ಕೂ ತಾಳ ಹಾಕುವ ಕ್ಲಾಕ್ ಬೇಕು. ಎಡವಿದಾಗ ಮೊದಲಿನಿಂದ ಶುರುಮಾಡಿಸುವ ರೀಸೆಟ್ ಬೇಕು. ಅನೇಕ ಚಿಪ್‌ಗಳಲ್ಲಿ ಇವೆರಡೂ ಒಂದೇ ಘಟಕದ ಕೆಲಸ. ರಾಕ್‌ಚಿಪ್ ಕಂಪನಿ ಅದನ್ನು ಸಿಆರ್‌ಯು, ಅಂದರೆ ಕ್ಲಾಕ್ ಅಂಡ್ ರೀಸೆಟ್ ಯೂನಿಟ್ ಎಂದೇ ಕರೆಯುತ್ತದೆ. ಆದರೆ ಲಿನಕ್ಸಿನಲ್ಲಿ ಕ್ಲಾಕಿನ ವ್ಯವಸ್ಥೆ ಬೇರೆ, ರೀಸೆಟ್ಟಿನದು ಬೇರೆ. ಹಾಗಾಗಿ ಹೊಸಬರು ಪಟ್ಟಿಯಲ್ಲೂ ಎರಡು ನಮೂದು ಮಾಡಿಬಿಡುತ್ತಾರೆ.

"ಮಾಡಿದ್ರ ಏನಾಗ್ತದಪಾ?" ಎಂದೆ.

"ಎರಡು ಡ್ರೈವರುಗಳು ಅದೇ ವಿಳಾಸ ನನ್ನದು ಅಂತಾವರಿ. ಎರಡನೆಯದಕ್ಕ ಜಾಗ ಸಿಗೂದಿಲ್ಲ." ಹೇಗೋ ಇಬ್ಬರನ್ನೂ ಒಳಬಿಟ್ಟರೆ ಅಪಾಯ ಇನ್ನೂ ಹೆಚ್ಚು. ಒಂದೇ ಅಂಕಪಟ್ಟಿಯನ್ನು ಇಬ್ಬರು ಮೇಷ್ಟ್ರು ನಕಲು ಮಾಡಿಕೊಂಡು ಹೋಗಿ, ತಮ್ಮ ತಮ್ಮ ವಿಷಯ ತಿದ್ದಿ ಮರಳಿಸಿದಂತೆ. ಕೊನೆಗೆ ಇಟ್ಟವರ ಪ್ರತಿ ಉಳಿಯುತ್ತದೆ, ಮೊದಲಿನವರ ತಿದ್ದುಪಡಿ ಅಳಿಸಿಹೋಗುತ್ತದೆ.

ಸರಿಯಾದ ದಾರಿ ಸರಳ. ಘಟಕ ಒಂದಾದರೆ ನಮೂದೂ ಒಂದೇ. ಆ ನಮೂದಿನಲ್ಲೇ "ಇದು ಕ್ಲಾಕನ್ನೂ ಕೊಡುತ್ತದೆ, ರೀಸೆಟ್ಟನ್ನೂ ಕೊಡುತ್ತದೆ" ಎಂದು ಎರಡು ಗುಣಗಳನ್ನು ಬರೆಯಬೇಕು. ಸಾಫ್ಟ್‌ವೇರ್ ಕೆಲಸವನ್ನು ಇಬ್ಭಾಗ ಮಾಡಿಕೊಳ್ಳಬೇಕೆಂದರೆ ಅದು ತನ್ನ ಮನೆಯೊಳಗೆ ಮಾಡಿಕೊಳ್ಳಲಿ. ಸ್ಟಾರ್‌ಫೈವ್ ಕಂಪನಿಯ ಜೆಎಚ್7110 ಚಿಪ್ಪಿಗೆ ಹಾಗೆಯೇ ಮಾಡಿದ್ದಾರೆ: ಪಟ್ಟಿಯಲ್ಲಿ ನಮೂದು ಒಂದು, ಕ್ಲಾಕ್ ಡ್ರೈವರು ಮೊದಲು ಎದ್ದು, ರೀಸೆಟ್ ಡ್ರೈವರಿಗೆ ತಾನೇ ಜಾಗ ತೋರಿಸುತ್ತದೆ.

ಪಟ್ಟಿಯಲ್ಲಿ ಇಷ್ಟು ಶಿಸ್ತು ಏಕೆಂದರೆ, ಅದನ್ನು ಓದುವುದು ಇಂದಿನ ಲಿನಕ್ಸ್ ಒಂದೇ ಅಲ್ಲ. ನಾಳಿನ ಲಿನಕ್ಸ್, ಫ್ರೀಬಿಎಸ್‌ಡಿ, ಯು-ಬೂಟ್ ಇವೂ ಓದುತ್ತವೆ. ಪ್ರೋಗ್ರಾಮನ್ನು ನಾಳೆ ತಿದ್ದಬಹುದು. ಒಮ್ಮೆ ಹಂಚಿಹೋದ ಪಟ್ಟಿಯನ್ನು ತಿದ್ದುವುದು ಕಷ್ಟ.

ಹುಡುಗ ಹೊರಟುಹೋದ. ಕೋಟೆಯ ಕಡೆಯಿಂದ ನವಿಲಿನ ಕೂಗು ಕೇಳುತ್ತಿತ್ತು. ನನಗೆ ನನ್ನ ರಿಜಿಸ್ಟರೇ ಕಣ್ಣ ಮುಂದೆ. ಅಂದು ಹಳೆಯ ಬಿಲ್ಲು ಹುಡುಕಿ ತೆಗೆದಾಗ ಅದರಲ್ಲಿ ಇದ್ದದ್ದು ಒಂದೇ ಮೀಟರು. ಆ ಹುಡುಗನ ಮನೆಗೆ ಹೋಗಿ, ಅವನ ತಂದೆಯ ಎದುರಿಗೆ, ತಪ್ಪು ನನ್ನದು ಎಂದೆ. ಅವನು ಶಾಲೆಗೆ ಮರಳಿದ. ಆದರೆ ಕೀಲಿ ತರಲು ಮತ್ತೆಂದೂ ಮುಂದೆ ಬರಲಿಲ್ಲ.

ಮಕ್ಕಳೇ, ಪ್ರಯೋಗದ ಪುಸ್ತಕವಾಗಲಿ, ಕಂಪ್ಯೂಟರಿನ ಪಟ್ಟಿಯಾಗಲಿ, ಮೊದಲು ಇರುವ ವಸ್ತುವನ್ನು ಇದ್ದ ಹಾಗೆ ಬರೆಯಿರಿ. ಅದರಿಂದ ನಮಗೇನು ಬೇಕು ಎಂಬುದು ಆಮೇಲಿನ ಮಾತು.