ಕಾಲಿನ ಕೂದ್ಲು

ನಮ್ಮ ರಾಂಪುರದ ಕಡೆ ಕೂಸಿಗೆ ಎಣ್ಣೆ ಹಚ್ಚಿ ಕಡ್ಲೆಹಿಟ್ಟಿನಾಗೆ ತಿಕ್ಕಿದ್ರೆ ದೊಡ್ಡೋಳಾದ್ಮೇಲೆ ಮೈಮೇಲೆ ಕೂದ್ಲು ಬರಲ್ಲ ಅಂತಾರೆ. ಹುಟ್ಟಿದ ಕೂಸಿನ ನವಿರು ಕೂದ್ಲು ತಿಕ್ಕದಿದ್ರೂ ಕೆಲವು ವಾರದಾಗೆ ಉದುರುತ್ತೆ. ಮೈನೆರೆಯೋ ಹೊತ್ತಿಗೆ ಬರೋದು ಬ್ಯಾರೆ ಕೂದ್ಲು, ಅದನ್ನ ಯಾವ ಹಿಟ್ಟೂ ತಡೆಯಲ್ಲ.

ನನ್ನ ಮಗಳು ಏಳನೇ ಕ್ಲಾಸು. "ವ್ಯಾಕ್ಸಿಂಗ್ ಮಾಡಿಸಮ್ಮ" ಅಂತ ಹಟ. ಯಾರೋ ಹುಡುಗ "ದರೋಜಿ ಕರಡಿ" ಅಂದಿದ್ನಂತೆ.

"ಅವನು ಅನ್ನದಿದ್ರೆ ನಿಂಗೆ ಕೂದ್ಲು ಕಾಣ್ತಿತ್ತೇನೆ?"

"ಕಾಣ್ತಿತ್ತಮ್ಮ. ನಾಚಿಕೆ ಆಗ್ತಿರ್ಲಿಲ್ಲ."

ಅದಕ್ಕೆ ನನ್ನತ್ರ ಮಾತಿರ್ಲಿಲ್ಲ.

ವ್ಯಾಕ್ಸು ಅಂದ್ರೆ ಬಿಸಿ ಅಂಟು ಹಚ್ಚಿ, ಬಟ್ಟೆ ಒತ್ತಿ, ಬುಡಸಮೇತ ಕೀಳೋದು. 3ರಿಂದ 6 ವಾರಕ್ಕೆ ಮತ್ತೆ ಹಾಜರ್. ಬಿಸಿ ಹೆಚ್ಚಾದ್ರೆ ಎಳೇ ಚರ್ಮ ಸುಡುತ್ತೆ, ಕೆಲವು ಕೂದ್ಲು ಒಳಗೊಳಗೇ ಬೆಳೆದು ಗುಳ್ಳೆ ಏಳುತ್ತೆ. ಮೊಡವೆಗೆ ಅಡಾಪಲೀನ್ ಕ್ರೀಮು ಹಚ್ಚೋ ಮಕ್ಕಳ ಮುಖಕ್ಕಂತೂ ಬ್ಯಾಡವೇ ಬ್ಯಾಡ, ಕೂದ್ಲಿನ ಜೊತೆ ಚರ್ಮನೂ ಕಿತ್ತು ಬರುತ್ತೆ.

ರೇಜರ್ ಆಡಿಸಿದ್ರೆ ಕೂದ್ಲು ದಪ್ಪ ಆಗುತ್ತೆ ಅಂಬೋದು ಸುಳ್ಳು. ತುದಿ ಮೊಂಡಾಗಿ ಒರಟು ಅನ್ಸುತ್ತೆ, ಅಷ್ಟೇ. 8 ವರ್ಷದೊಳಗೇ ಕಂಕುಳಾಗೆ ಕೂದ್ಲು ಬಂದ್ರೆ ಮಾತ್ರ ಡಾಕ್ಟ್ರಿಗೆ ತೋರಿಸ್ಬೇಕು.

ಸದ್ಯಕ್ಕೆ ನಮ್ಮನೇಲಿ ಹೊಸ ರೇಜರ್ ಒಂದು ತಂದಿಟ್ಟೀನಿ. ಅವಳು ಇನ್ನೂ ಪೊಟ್ಟಣ ಬಿಚ್ಚಿಲ್ಲ.