ಬಣ್ಣದಡಿಯ ಕಾಯಕ

ನಮ್ಮ ಹಳೆಯ ಕಾರಿಗೆ ಬಾಡಿಕಿಟ್ ಕೂಡಿಸಿ, ಅದಕ್ಕೂ ಕಾರಿನದೇ ಬಣ್ಣ ಹೊಡೆಸಬೇಕೆಂದು ಮಗನು ಹಟ ಹಿಡಿದಾಗ ಹುಬ್ಬಳ್ಳಿಯ ಎರಡು ಗ್ಯಾರೇಜುಗಳಲ್ಲಿ ವಿಚಾರಿಸಿದೆವು. ಮೊದಲನೆಯವರು ಕಡಿಮೆ ದರದಲ್ಲಿ ಮೂರೇ ದಿನಕ್ಕೆ ಮುಗಿಸುವೆವೆಂದರು. ಬಣ್ಣದಡಿಯ ತುಕ್ಕಿಗೇನು ಮಾಡುವಿರೆಂದು ಕೇಳಿದರೆ ಉತ್ತರವಿಲ್ಲ.

ಎರಡನೆಯ ಗ್ಯಾರೇಜಿನ ಹಿರಿಯರು ಅರ್ಧ ಮುಗಿದ ಕಾರೊಂದನ್ನೇ ತೋರಿಸಿದರು. ತುಕ್ಕನ್ನು ಪುಟ್ಟಿಯಿಂದ ಮುಚ್ಚದೆ ತಗಡು ಕಾಣುವವರೆಗೆ ಉಜ್ಜಿ ತೆಗೆಯಬೇಕು. ಕಿಟ್ಟಿನ ಭಾಗಗಳನ್ನು ಬಣ್ಣಕ್ಕೆ ಮುನ್ನವೇ ಕೂಡಿಸಿ ಸಂದು ಸರಿಪಡಿಸಬೇಕು. ಬಿಸಿಲಿಗೆ ಮಾಸಿದ ಕಾರಿಗೆ ಕಂಪನಿಯ ಬಣ್ಣದ ಸಂಖ್ಯೆಯೊಂದೇ ಸಾಲದು, ಮಾದರಿ ತಗಡಿಗೆ ಹೊಡೆದು ಹಗಲ ಬೆಳಕಿನಲ್ಲಿ ಹೋಲಿಸಬೇಕೆಂದು ವಿವರಿಸಿದರು.

ಮತ್ತೊಂದು ಮಾತನ್ನೂ ಹೇಳಿದರು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ. “ನಮ್ಮ ಕೆಲಸ ತಪ್ಪಿದರೂ ಚಿಂತೆಯಿಲ್ಲ, ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿ ಬನ್ನಿರಿ” ಎಂದರು.

ಕೇಳಿ ಬಂದ ಮೇಲೆ ಮಗನೇ ದೊಡ್ಡ ಭಾಗಗಳ ಆಸೆ ಬಿಟ್ಟನು. ಉಳಿದ ಕೆಲಸವನ್ನು ಆ ಹಿರಿಯರಿಗೇ ಒಪ್ಪಿಸಿದೆವು. ಹದಿನೈದು ದಿನ ಹಿಡಿಯಿತು, ಖರ್ಚೂ ಹೆಚ್ಚಾಯಿತು.

ಹೊಳಪನ್ನು ಊರೆಲ್ಲ ನೋಡುತ್ತದೆ. ಅದರಡಿಯ ಕಾಯಕವನ್ನು ಮಾಡಿದವನೊಬ್ಬನೇ ಬಲ್ಲನು. ಅದನ್ನು ತೆರೆದು ತೋರಿಸಲು ಅಂಜದವರ ಕೈಗೆ ವಾಹನವನ್ನು ಒಪ್ಪಿಸುವುದೇ ಲೇಸೆಂದು ನಾವು ಕಲಿತೆವು.