ಕೀಲಿ ಇಳಿದ ಹಾಡು

ನಮ್ಮ ಕಾಕಾನ ಗ್ರಾಮೋಫೋನಿಗೆ ಒಂದು ಚಾಳಿಯಿತ್ತು. ಕೀಲಿ ಪೂರ್ತಿ ಕೊಟ್ಟರೂ ಎರಡೂವರೆ ನಿಮಿಷಕ್ಕೆಲ್ಲ ಅದಕ್ಕೆ ದಮ್ಮು ಹತ್ತುತ್ತಿತ್ತು. ಪ್ಲೇಟು ಮೂರು ನಿಮಿಷದ್ದು. ಕೊನೆಯ ಅರ್ಧ ನಿಮಿಷ ಚಕ್ರ ನಿಧಾನವಾಗಿ, ಹಾಡುವವರ ದನಿ ಜಾರುತ್ತ ಜಾರುತ್ತ ಕಡೆಗೆ ಎಮ್ಮೆ ಒದರಿದಂತಾಗುತ್ತಿತ್ತು. ನಾವು ಹುಡುಗರು ಕಾಯುತ್ತಿದ್ದುದೇ ಅದಕ್ಕೆ. ಕಾಕಾ ಮಾತ್ರ ಉಣ್ಣುವ ತಾಟು ಬಿಟ್ಟು ಎದ್ದುಬಂದಾದರೂ ಕೀಲಿ ತಿರುವುತ್ತಿದ್ದ. "ಹಾಡೋವರಿಗೆ ಅವಮಾನ ಮಾಡಬಾರದಲೇ" ಅನ್ನುತ್ತಿದ್ದ.

ಅವನ ಪ್ಲೇಟುಗಳಲ್ಲಿ ಒಂದರ ಚೀಟಿ ಅರ್ಧ ಕಿತ್ತುಹೋಗಿತ್ತು. ಉಳಿದದ್ದು 'ಗಾಂಧಾರಿ' ಎಂಬ ಹೆಸರಷ್ಟೇ. ಎಳೆ ಸೌತೆಕಾಯಿ ಮುರಿದಂಥ ದನಿ, ತೆಳು, ಚುರುಕು. ಅರ್ಧ ತಾಸು ಹಿಗ್ಗಬೇಕಾದ ಖ್ಯಾಲನ್ನು ಮೂರೇ ನಿಮಿಷದೊಳಗೆ ತುರುಕಬೇಕಾದ ಕಾಲ ಅದು. ಆಲಾಪ ಶುರುವಾಯಿತು ಅನ್ನುವಷ್ಟರಲ್ಲಿ ತಾನುಗಳು ಓಡಿಬರುತ್ತಿದ್ದವು. ಆ ಗಾಂಧಾರಿಯೇ ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಎಂದು ಕಾಕಾ ಹೇಳಿದ್ದ. ರೇಡಿಯೋ ಇಲ್ಲದ ಮನೆ ನಮ್ಮದು, ನನಗೆ ಗೊತ್ತಿದ್ದ ಗಂಗೂಬಾಯಿ ಆ ಪ್ಲೇಟಿನವರೊಬ್ಬರೇ.

ಅವರಿಗೆ ಪದ್ಮಭೂಷಣ ಬಂದದ್ದು 1971ರಲ್ಲಿ. ಅದಾಗಿ ನಾಲ್ಕೈದು ವರ್ಷಕ್ಕೆ, ನಾನು ಕಾಲೇಜು ಮೆಟ್ಟಿಲು ಹತ್ತಿದ ಹೊತ್ತಿಗೆ, ಕಾಕಾ ಒಂದು ಸಂಜೆ ಬಗಲಿಗೆ ಟೇಪ್ ರೆಕಾರ್ಡರ್ ಇರುಕಿಕೊಂಡು ಬಂದ. ಗಲ್ಫಿನಿಂದ ಬಂದಿದ್ದ ಯಾರದ್ದೋ, ಎರಡು ದಿನದ ಮಟ್ಟಿಗೆ ಕಡ. "ಕುಂದಗೋಳಕ್ಕ ನಡಿ. ಬಾಯಿಯವರು ಹಾಡತಾರ. ಮಷೀನು ನೋಡಿಕೊಳ್ಳೋದು ನಿನ್ನ ಕೆಲಸ."

ಹುಬ್ಬಳ್ಳಿಯಿಂದ ಪ್ಯಾಸೆಂಜರ್ ಗಾಡಿ. ಇದೇ ದಾರಿಯಲ್ಲಿ ಅವರು ಗುರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ರೈಲಿನಲ್ಲಿ ಹೋಗಿಬರುತ್ತಿದ್ದುದು, ಅದೇ ಗುರುಗಳಲ್ಲಿ ಭೀಮಸೇನ ಜೋಶಿ ಎಂಬ ಹುಡುಗ ಮನೆಗೆಲಸ ಮಾಡಿಕೊಂಡು ಕಲಿತದ್ದು, ಎಲ್ಲವನ್ನೂ ಕಾಕಾ ತಾನೇ ಎದುರು ಸೀಟಿನಲ್ಲಿ ಕೂತು ನೋಡಿದವನಂತೆ ಹೇಳಿದ. ನನ್ನ ಲಕ್ಷ್ಯವೆಲ್ಲ ಟೇಪಿನ ಕೆಂಪು ಗುಂಡಿಯ ಮೇಲೆ.

ನಾಡಿಗೇರ ವಾಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಬ್ದುಲ್ ಕರೀಂ ಖಾನರು ಬಂದು ಉಳಿದು ಹಾಡಿದ ಮನೆ ಅದು. ಜಮಖಾನದ ಮೇಲೆ ರುಮಾಲಿನವರು, ಪ್ಯಾಂಟಿನವರು, ತೊಡೆಯ ಮೇಲೆ ಕೂಸು ಮಲಗಿಸಿಕೊಂಡ ಹೆಂಗಸರು. ನಡುರಾತ್ರಿ ದಾಟಿದ ಮೇಲೆ ಒಬ್ಬರು ಎದ್ದು ಪರಿಚಯ ಮಾಡತೊಡಗಿದರು. ಪದ್ಮಭೂಷಣ, ಅಕಾಡೆಮಿ, ಆ ಬಿರುದು, ಈ ಶಾಲು. ಕಾಕಾ ನನ್ನ ಕಿವಿಯಲ್ಲಿ, "ಇಷ್ಟರಾಗ ಎರಡು ಪ್ಲೇಟು ಮುಗೀತಿದ್ವು" ಅಂದ. (2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಾಗ ಕಾಕಾ ಇರಲಿಲ್ಲ. ಇದ್ದಿದ್ದರೆ ಮೂರು ಪ್ಲೇಟು ಅನ್ನುತ್ತಿದ್ದ.)

ಆಕೆ ಬಂದು ಕೂತರು. ಗಿಡ್ಡ ಮೈ, ಹಣೆ ತುಂಬ ಕುಂಕುಮ. ಹಿಂದೆ ತಂಬೂರಿ ಹಿಡಿದು ಮಗಳು ಕೃಷ್ಣಾ. ನಾನು ಗುಂಡಿ ಒತ್ತಿದೆ. ಷಡ್ಜ ಬಂತು.

ಗಂಡಸಿನ ದನಿ! ತಬಲಾದವರು ಹಾಡುತ್ತಿದ್ದಾರೋ ಎಂದು ಆ ಕಡೆ ನೋಡಿದೆ, ಅವರ ಬಾಯಿ ಮುಚ್ಚಿತ್ತು. ಹಿಂದಿನಿಂದ ಕೃಷ್ಣಾ ಅವರ ತಿಳಿ ದನಿ ಸೇರಿದಾಗ, ಗಾಂಧಾರಿ ಇವರೇ ಇರಬೇಕು ಅನ್ನಿಸಿತು. "ಕಾಕಾ, ಹಾಡಾಕತ್ತಾವರು ಯಾರು?" ಅವನು ನನ್ನ ತೊಡೆ ಚಿವುಟಿದ.

ಚಂದ್ರಕೌಂಸ್. ಅವಸರವೆಂಬುದಿಲ್ಲ. ಒಂದು ಸ್ವರವನ್ನು ತೂಗಿ, ಇಟ್ಟು, ಮತ್ತೆ ಎತ್ತಿಕೊಂಡು ಮುಂದಿನದಕ್ಕೆ ಹೋಗುವ ನಡೆ. ಮಾಲಕೌಂಸದ ಕೋಮಲ ನಿಷಾದ ಇದ್ದ ಜಾಗಕ್ಕೆ ಇಲ್ಲಿ ಶುದ್ಧ ನಿಷಾದ ಬರುತ್ತದಲ್ಲ, ಅದು ಷಡ್ಜದ ಬಾಗಿಲಿಗೇ ಅಂಟಿಕೊಂಡ ಸ್ವರ. ಅದರ ಮೇಲೆ ಬಂದು ನಿಂತರು. ನಿಂತೇ ನಿಂತರು. ವಾಡೆಯಲ್ಲಿ ಯಾರೂ ಉಸಿರು ಬಿಡುತ್ತಿಲ್ಲ.

ಟಕ್. ಟೇಪಿನ ಮೂವತ್ತು ನಿಮಿಷ ಮುಗಿದಿತ್ತು. ನಾನು ಮಷೀನಿನ ಮೇಲೆ ಬಗ್ಗಿದೆ. ಕ್ಯಾಸೆಟ್ಟು ಮಗುಚಿ ಹಾಕಬೇಕೋ, ಹಿಂದಕ್ಕೆ ಸುತ್ತಬೇಕೋ, ಕೈ ನಡುಗಿ ತಲೆ ಓಡಲಿಲ್ಲ. ತಲೆಯ ಮೇಲಿಂದ ನೂರಾರು ಜನರ "ಆಹಾ" ಹಾದುಹೋಯಿತು. ಎತ್ತಿ ನೋಡುವಷ್ಟರಲ್ಲಿ ಆಕೆ ಷಡ್ಜ ಮುಟ್ಟಿ, ಕೆಳಗಿಳಿದು, ಸಮಕ್ಕೆ ಬಂದು, ಏನೂ ಆಗದವರಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಪಕ್ಕದ ಅಜ್ಜ ಕಣ್ಣು ಒರೆಸಿಕೊಳ್ಳುತ್ತಿದ್ದ. ನಾನೋ, ಮಷೀನು ಕಾಯ್ದವನು!

ಮರಳುವ ಗಾಡಿಯಲ್ಲಿ ಹಚ್ಚಿ ನೋಡಿದರೆ ಮೊದಲರ್ಧ ತಾಸು ಇಲ್ಲವೇ ಇಲ್ಲ. ಹಿಂದಕ್ಕೆ ಸುತ್ತಿ ಅದರ ಮೇಲೇ ಎರಡನೆಯ ಅರ್ಧವನ್ನು ತುಂಬಿಸಿದ್ದೆ. ಕಾಕಾ ಬೈಯ್ಯುತ್ತಾನೆಂದು ಮುದುಡಿ ಕೂತೆ. ಅವನು ಕಿಟಕಿಯಾಚೆ ಹತ್ತಿಯ ಹೊಲ ನೋಡುತ್ತ, "ಸೆಲ್ಲಾದರೂ ಉಳಸಬೇಕಿತ್ತು" ಅಂದ. ಆಮೇಲೆ ತಾನಾಗಿಯೇ ಹೇಳಿದ: ಪ್ಲೇಟು ಕೊಟ್ಟಾಗ ಬಾಯಿಯವರಿಗೆ ಇಪ್ಪತ್ತರ ಆಜುಬಾಜು. ಮುಂದೆ ಟಾನ್ಸಿಲ್ಲಿಗೆ ಚಿಕಿತ್ಸೆ ಆಯಿತು, ದನಿ ಬದಲಾಯಿತು. "ಬ್ಯಾರೆಯವರಾಗಿದ್ದರ ಹಾಡೋದು ಬಿಡತಿದ್ದರು. ಇವರು ಆ ದನಿಯಾಗ ಮತ್ತ ಮೊದಲಿಂದ ಸಾ ಹಚ್ಚಿದರು."

ಮನೆಗೆ ಬಂದು ಕಾಕಾ ಜಳಕವನ್ನೂ ಮಾಡಲಿಲ್ಲ. ಗ್ರಾಮೋಫೋನಿಗೆ ಹೊಸ ಮುಳ್ಳು ಹಾಕಿ, ಚೀಟಿ ಹರಿದ ಪ್ಲೇಟು ಇಟ್ಟ. ಗಾಂಧಾರಿ ಹಾಡಿದಳು, ಅದೇ ತೆಳು ದನಿ, ಅದೇ ಓಟ. ಎರಡೂವರೆ ನಿಮಿಷವಾಯಿತು. ನಮ್ಮ ತಮ್ಮಂದಿರು ಬಾಯಿಗೆ ಕೈ ಅಡ್ಡ ಹಿಡಿದು ನಗಲು ಸಿದ್ಧರಾದರು. ಕಾಕಾನ ಕೈ ಕೀಲಿಯ ಮೇಲಿತ್ತು, ತಿರುವಲಿಲ್ಲ.

ಚಕ್ರ ಸೋತಿತು. ದನಿ ಒಂದೊಂದೇ ಮೆಟ್ಟಿಲು ಇಳಿಯಿತು. ಎಮ್ಮೆಯ ದನಿ ಆಗುವುದಕ್ಕಿಂತ ಮೊದಲು, ನಡುವೆ ಎಲ್ಲೋ, ಎರಡೋ ಮೂರೋ ಸುತ್ತಿನ ಮಟ್ಟಿಗೆ, ಹಿಂದಿನ ರಾತ್ರಿ ವಾಡೆಯಲ್ಲಿ ಕೂತಿದ್ದ ಆಕೆ ಆ ಪೆಟ್ಟಿಗೆಯೊಳಗಿಂದ ಹಾದುಹೋದರು.

ಕಾಕಾ ಮುಳ್ಳು ಎತ್ತಿಟ್ಟ. "ಇನ್ನೊಮ್ಮೆ ಹಚ್ಚು ಕಾಕಾ" ಅಂದೆ. ಅವನು ಆಗಲೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟಿದ್ದ.